ಆಗುಂಬೆಯ ಏರುದಾರಿಯಲ್ಲಿ ಹಳದಿ ದೀಪ

ಉಡುಪಿಯಿಂದ ಹೆಬ್ರಿಯ ಮಾರ್ಗವಾಗಿ ಮೂಡಲಿಗೆ ಹೊರಟ ಪ್ರವಾಸಿಗೆ ಸೋಮೇಶ್ವರವನ್ನು ದಾಟುವವರೆಗೆ ಘಟ್ಟದ ಗಾಂಭೀರ್ಯ ಅರಿವಿಗೆ ಬರುವುದಿಲ್ಲ. ಅಡಿಕೆಯ ತೋಟ, ಗದ್ದೆ, ಹಂಚಿನ ಮನೆಗಳು ಹಿಂದೆ ಸರಿದು, ಕಾಡು ರಸ್ತೆಯ ಎರಡೂ ಬದಿಗಳನ್ನು ಒತ್ತಿಕೊಂಡು ನಿಂತಾಗ ದಾರಿ ಒಮ್ಮೆಲೇ ಮೇಲೇಳುತ್ತದೆ. ಅಲ್ಲಿಂದ ಆಗುಂಬೆಯವರೆಗೆ 14 ಹೇರ್‌ಪಿನ್ ತಿರುವುಗಳು. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವ ಆ ಪುಟ್ಟ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ದಕ್ಷಿಣದ ಚಿರಾಪುಂಜಿ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ಆಷಾಢ ಶ್ರಾವಣಗಳಲ್ಲಿ ರಸ್ತೆಯ ಮೇಲೆಯೇ ನೀರು ಹರಿಯುತ್ತದೆ. ಬಿದ್ದ ಎಲೆಗಳು ಡಾಂಬರಿಗೆ ಅಂಟಿಕೊಂಡು ಪಾಚಿಯಂತೆ ಜಾರುತ್ತವೆ.

ಇಂತಹ ಒಂದು ತಿರುವಿನಲ್ಲಿ, ಮೇಲಿನಿಂದ ಇಳಿದು ಬರುವ ಬಸ್ಸಿಗೆ ದಾರಿ ಬಿಡಲು ಕಾರು ನಿಲ್ಲುತ್ತದೆ. ಮತ್ತೆ ಹೊರಡುವಾಗ ಮುಂದಿನ ಗಾಲಿಯೊಂದು ಎಲೆಗಳ ಮೇಲೆ ಇದ್ದಲ್ಲೇ ಗಿರ್ರನೆ ತಿರುಗತೊಡಗುತ್ತದೆ. ಚಾಲಕನ ಕಣ್ಣೆದುರಿಗೆ, ಜಾರುತ್ತಿರುವ ಕಾರಿನ ಚಿತ್ರವುಳ್ಳ ಹಳದಿ ದೀಪವೊಂದು ಮಿಣುಕುತ್ತದೆ. ಹಿಂದಿನ ಆಸನದಲ್ಲಿ ಮಕ್ಕಳು ಮುದುಕರು, ಪಕ್ಕದಲ್ಲಿ ಕಣಿವೆ. ದೀಪದ ಭಾಷೆ ತಿಳಿಯದವನು ಗಾಬರಿಗೊಳ್ಳುತ್ತಾನೆ. ತಿಳಿದವನು ಆಕ್ಸಿಲರೇಟರಿನ ಮೇಲಿನ ಕಾಲನ್ನು ತುಸು ಸಡಿಲಿಸುತ್ತಾನೆ.

ಈ ಭಾಷೆ ಕಠಿಣವಾದುದೇನೂ ಅಲ್ಲ. ನಾಲ್ಕು ಗಾಲಿಗಳ ಬಳಿಯೂ ಒಂದೊಂದು ಸೆನ್ಸರ್ ಇದ್ದು, ಗಾಲಿಯ ವೇಗವನ್ನು ಅಳೆದು ಗಣಕಕ್ಕೆ ವರದಿ ಮಾಡುತ್ತಿರುತ್ತದೆ. ಎಂಜಿನ್ನಿನ ಬಲವನ್ನು ಪಡೆಯುವ ಗಾಲಿಯೊಂದು ಉಳಿದವುಗಳಿಗಿಂತ ಅತಿಯಾಗಿ ತಿರುಗಿತೆಂದರೆ ಅದು ಹಿಡಿತ ಕಳೆದುಕೊಂಡಿತೆಂದು ಅರ್ಥ. ಕೂಡಲೇ ಗಣಕ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ, ಇಲ್ಲವೆ ಆ ಗಾಲಿಗೆ ಮಾತ್ರ ಬ್ರೇಕು ಹಾಕುತ್ತದೆ. ಇದೇ ಟ್ರ್ಯಾಕ್ಷನ್ ಕಂಟ್ರೋಲ್. ದೀಪ ಮಿಣುಕುತ್ತಿದ್ದರೆ ಸಹಾಯ ನಡೆಯುತ್ತಿದೆ ಎಂದು ತಿಳಿಯಬೇಕು. ಆರದೆ ಒಂದೇ ಸಮನೆ ಉರಿಯುತ್ತಿದ್ದರೆ ಸಹಾಯ ನಿಂತಿದೆ ಎಂದು ತಿಳಿಯಬೇಕು. ಘಟ್ಟ ಹತ್ತುವವನಿಗೆ ಈ ಎರಡರ ಅಂತರ ಬಹು ದೊಡ್ಡದು.

ಒಂದೇ ಸಮನೆ ಉರಿಯುವ ದೀಪವನ್ನು ಸೋಮೇಶ್ವರದ ಸಮತಟ್ಟಿನಲ್ಲಿಯೇ ವಿಚಾರಿಸಿಕೊಳ್ಳುವುದು ವಿವೇಕ. ಟ್ರ್ಯಾಕ್ಷನ್ ಕಂಟ್ರೋಲನ್ನು ನಿಲ್ಲಿಸುವ ಗುಂಡಿಯನ್ನು ಯಾರಾದರೂ ಅರಿಯದೆ ಒತ್ತಿರಬಹುದು. ಎಂಜಿನ್ನನ್ನು ನಿಲ್ಲಿಸಿ ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಹೊರಡಿಸಿದರೆ ತಾತ್ಕಾಲಿಕ ಗೊಂದಲ ನೀಗುವುದುಂಟು. ಟೈರುಗಳ ಗಾಳಿ ಸಮವಾಗಿದೆಯೇ, ನಾಲ್ಕೂ ಒಂದೇ ಅಳತೆಯವೇ, ಬ್ರೇಕ್ ಆಯಿಲ್ ಕಡಿಮೆಯಾಗಿದೆಯೇ, ಬ್ಯಾಟರಿ ಬಳಲಿದೆಯೇ ಎಂದು ನೋಡಬೇಕು. ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದರೆ ಮುಂದೆ ಸಾಗಲೇಬಾರದು. ಎಬಿಎಸ್ ದೀಪ ಮಾತ್ರ ಜೊತೆಗೂಡಿದ್ದರೆ ಸಾಧಾರಣವಾಗಿ ಬ್ರೇಕು ಹಿಡಿಯುತ್ತದೆ. ಆದರೆ ಜೋರಾಗಿ ಒತ್ತಿದಾಗ ಗಾಲಿ ಬಿಗಿದುಕೊಂಡು ಕಾರು ಜಾರಬಹುದು. ಜಡಿಮಳೆಯಲ್ಲಿ ಘಟ್ಟದ ಪ್ರಯಾಣವನ್ನು ಮುಂದೂಡುವುದೇ ಆಗ ಲೇಸು.

ಈ ಎರಡು ದೀಪಗಳ ನಂಟಿಗೆ ಕಾರಣವುಂಟು. ಎಬಿಎಸ್ ಬ್ರೇಕನ್ನು ಜರ್ಮನಿಯ ಬಾಷ್ ಸಂಸ್ಥೆ ಕಾರುಗಳಿಗೆ 1978ರಲ್ಲಿ ಒದಗಿಸಿತು; ಟ್ರ್ಯಾಕ್ಷನ್ ಕಂಟ್ರೋಲ್ ಆ ಬಳಿಕ ಅಂತಹವೇ ಸೆನ್ಸರುಗಳನ್ನು ಆಶ್ರಯಿಸಿ ಬೆಳೆಯಿತು. ಆದುದರಿಂದ ಒಂದು ಸೆನ್ಸರ್ ಮೂಕವಾದರೆ ಎರಡು ದೀಪಗಳೂ ಹೊತ್ತಿಕೊಳ್ಳಬಹುದು.

ಮುಂದಿನ ಪರೀಕ್ಷೆ ಗ್ಯಾರೇಜಿನದು. ಮೆಕ್ಯಾನಿಕ್ ಸ್ಕ್ಯಾನರನ್ನು ಜೋಡಿಸಿದಾಗ ದೋಷದ ಸಂಕೇತ ಕಾಣಿಸುತ್ತದೆ. ಸಿ0035 ಎಂದು ಬಂದರೆ ಅದು ಸಾಮಾನ್ಯವಾಗಿ ಎಡ ಮುಂಗಾಲಿಯ ಸೆನ್ಸರಿನ ವಿಷಯ. ಸಂಕೇತ ಬಂದ ಮಾತ್ರಕ್ಕೆ ಹೊಸ ಸೆನ್ಸರನ್ನು ಕೊಳ್ಳಬೇಕಾಗಿಲ್ಲ. ಕಾರನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಓಡಿಸಿ ತೆರೆಯನ್ನು ಗಮನಿಸಿದರೆ, ಮೂರು ಗಾಲಿಗಳು 20 ಎಂದೂ ಒಂದು ಸೊನ್ನೆ ಎಂದೂ ಹೇಳಬಹುದು. ಆ ಗಾಲಿಯನ್ನು ಬಿಚ್ಚಿ ನೋಡಿದರೆ ಮಲೆನಾಡಿನ ಕೆಸರು ಮೆತ್ತಿಕೊಂಡಿರುತ್ತದೆ. ವೈರು ಉಜ್ಜಿ ತುಂಡಾಗಿರುತ್ತದೆ. ಪ್ಲಗ್ಗಿನೊಳಗೆ ನೀರು ಸೇರಿರುತ್ತದೆ. ಗಾಲಿಯೊಡನೆ ತಿರುಗುವ ಉಂಗುರ ತುಕ್ಕು ಹಿಡಿದು ಬಿರಿದಿರುತ್ತದೆ. ಇಲ್ಲವೆ ಬೇರಿಂಗ್ ಸವೆದು ಗಾಲಿ ಅಲುಗಾಡುತ್ತಿರುತ್ತದೆ. ಕಾರಣ ದೊರೆತಾಗ ಕೆಲವೊಮ್ಮೆ ಚಿಂದಿಬಟ್ಟೆಯಲ್ಲಿಯೇ ಕೆಲಸ ಮುಗಿಯುತ್ತದೆ.

ದುರಸ್ತಿ ಮಾಡದೆ ಸಂಕೇತವನ್ನು ಅಳಿಸಿ ದೀಪವನ್ನು ಆರಿಸುವುದೂ ಉಂಟು. ಜ್ವರ ಇಳಿಯಲೆಂದು ಥರ್ಮಾಮೀಟರನ್ನು ಕೊಡವಿದಂತೆ ಅದು. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದೊಡನೆ ಈ ದೀಪ ಹೊತ್ತಿ, ಕೆಲವು ಕ್ಷಣಗಳಲ್ಲಿ ಆರುತ್ತದೆಯೇ ಎಂದು ನೋಡಬೇಕು. ಹೊತ್ತದೆಯೇ ಇರುವ ದೀಪ ಉರಿಯುವ ದೀಪಕ್ಕಿಂತ ಅನುಮಾನಾಸ್ಪದ.

ದೀಪ ಸರಿಯಾಗಿದ್ದರೂ ಒಂದು ಮಾತನ್ನು ಮರೆಯಲಾಗದು. ಗಣಕ ಇರುವ ಹಿಡಿತವನ್ನು ಕಾಯಬಲ್ಲುದು. ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನೇ ಒಪ್ಪುವುದಿಲ್ಲ. ಆಗುಂಬೆಯ ಮಳೆಗೆ ಅಷ್ಟೂ ಸಾಲದು.

ಹೀಗೆ ಸಜ್ಜಾದ ಕಾರು ಕೆಳ ಗೇರಿನಲ್ಲಿ, ಅವಸರವಿಲ್ಲದೆ, ತಿರುವಿನಿಂದ ತಿರುವಿಗೆ ಏರುತ್ತದೆ. ಮೇಲೆ ಸೂರ್ಯಾಸ್ತದ ಕಟ್ಟೆಯಿಂದ ನಿರಭ್ರ ದಿನಗಳಲ್ಲಿ ಪಡುಗಡಲು ಕಾಣುತ್ತದೆ. ಮಳೆಗಾಲದಲ್ಲಿ ಕಾಣುವುದು ಮಂಜೊಂದೇ. ಆದರೂ ಅಲ್ಲಿ ಇಳಿದು, ಬಿಸಿ ಕಾಫಿ ಕುಡಿದು, ಮನೆಮಂದಿಯೆಲ್ಲ ಸುಖವಾಗಿ ತಲಪಿದರೆಂಬ ನೆಮ್ಮದಿಯಿಂದ ಕಣಿವೆಯತ್ತ ನೋಡುವುದರಲ್ಲಿ ಒಂದು ಸೊಗಸಿದೆ.