ನಲವತ್ತರಲ್ಲೊಂದು ಪಾಲು

ರಮ್ಜಾನಿನ ಒಂದು ಅಪರಾಹ್ಣ ಸಿಂಧನೂರಿನ ಅಕ್ಕಿಯಂಗಡಿಯಲ್ಲಿ, ಉಪವಾಸದಿಂದ ತುಟಿಯೊಣಗಿದ ಹಿರಿಯ ವರ್ತಕರೊಬ್ಬರು ಸೋನಾ ಮಸೂರಿಯ ಚೀಲಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತ, ಬರತಕ್ಕ ಉದ್ರಿಯನ್ನು ಕೂಡಿಸಿ ಕೊಡತಕ್ಕ ಸಾಲವನ್ನು ಕಳೆಯುತ್ತಲಿದ್ದುದನ್ನು ಕಂಡೆನು. ಅದು ಉಳ್ಳ ಮುಸಲ್ಮಾನರು ಬಡವರಿಗೆ ಕೊಡಲೇಬೇಕಾದ ಜಕಾತಿನ ಲೆಕ್ಕ. ಸಂತೆಯ ಸುಂಕಕ್ಕೆ ನಾವನ್ನುವ ಜಕಾತಿಯೂ ಇದೇ ಅರಬ್ಬೀ ಶಬ್ದದಿಂದ ಬಂದುದು. ಅಂಗಡಿಯ ತಕ್ಕಡಿಗೂ ಕಟ್ಟಡಕ್ಕೂ ಜಕಾತ್ ತಗಲದು. ಮಾರುವ ಸರಕೂ ನಗದೂ ಸೇರಿ 7.5 ತೊಲ ಚಿನ್ನದ ಇಲ್ಲವೆ 52.5 ತೊಲ ಬೆಳ್ಳಿಯ ಮೌಲ್ಯವನ್ನು ಮುಟ್ಟಿ ಒಂದು ಚಾಂದ್ರವರ್ಷ ನಿಂತರೆ, ನೂರಕ್ಕೆ 2.5ರಷ್ಟು ಬಡವರದು.

“ಇದು ದಾನ ಅಲ್ರೀ ಸರ, ಅವರ ಪಾಲು ನಮ್ಮ ಗಲ್ಲಾದಾಗ ಕುಂತೈತಿ” ಎಂದರು.

ಬೆಳೆಗಾದರೋ, ಮಸ್ಕಿಯ ಮಳೆಯಾಶ್ರಿತ ಹೊಲದಂಥದರಲ್ಲಿ ಹತ್ತರಲ್ಲೊಂದು, ವೆಚ್ಚಮಾಡಿ ನೀರುಣಿಸಿದ ಭೂಮಿಯಲ್ಲಿ ಇಪ್ಪತ್ತರಲ್ಲೊಂದು. ರೈತನ ಬೆವರನ್ನು ಗಣಿಸಿದ ಈ ವಿವೇಕವು ನನಗೆ ಬಹು ಪ್ರಿಯವಾದುದು.

ಲಿಂಗಸುಗೂರಿನ ಕಡೆಯ ಬಡ ಸಾಲಗಾರನೊಬ್ಬನ ಹೆಸರು ಬಂದಾಗ ಅವರ ಬೆರಳು ನಿಂತಿತು. ಸಾಲವನ್ನು ಮನ್ನಾ ಮಾಡಿದರೆ ಜಕಾತ್ ಸಲ್ಲದೆಂಬುದು ಬಹುಪಾಲು ವಿದ್ವಾಂಸರ ಮತವಾದುದರಿಂದ, ಲಕೋಟೆಯೊಂದರಲ್ಲಿ ನೋಟುಗಳನ್ನಿರಿಸಿ ಅವನಿಗೆ ಮುಟ್ಟಿಸಲೆಂದು ತಮ್ಮ ಮಗನ ಕೈಗಿತ್ತು, ಬಾಕಿಯ ಮಾತೆತ್ತಬಾರದೆಂದೂ ಜಕಾತೆಂದು ಹೇಳಬಾರದೆಂದೂ ಎರಡು ಸಲ ಎಚ್ಚರಿಸಿದರು.