ಸೊನ್ನೆ ಬರದ ಲೆಕ್ಕ

ಭಾನುವಾರ ಸಂಜೆ ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳುವುದು ಒಂದೇ: “ಲೆಕ್ಕ ಬಂತೇನೇ?” ನಾನು ಪಿಎಚ್.ಡಿ.ಗೆ ಸೇರಿ ಐದು ವರ್ಷವಾಯಿತು. “ನೋಡ್ತಾ ಇದೀನಮ್ಮ” ಅನ್ನುತ್ತೇನೆ.

ನೋಡುತ್ತಿರುವುದು ಅವಿಭಾಜ್ಯ ಸಂಖ್ಯೆಗಳನ್ನು. ಐದು ಎರಡುಗಳನ್ನು ಗುಣಿಸಿ ಒಂದು ಕಳೆದರೆ 31, ಅದು ಅವಿಭಾಜ್ಯ. ಹನ್ನೊಂದು ಎರಡುಗಳಾದರೆ 2047. ಅದು 23 ಮತ್ತು 89ರ ಗುಣಲಬ್ಧ. ಇವು ಮರ್ಸೆನ್ ಸಂಖ್ಯೆಗಳು. 127 ಎರಡುಗಳಿಂದ ಬರುವ 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಎಡ್ವರ್ಡ್ ಲೂಕಾ 1876ರಲ್ಲಿ ಸಾಧಿಸಿದ. ಮುಂದಿನ 75 ವರ್ಷ ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ.

ಅಷ್ಟು ದೊಡ್ಡದನ್ನು ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಕೂತರೆ ಆಯುಷ್ಯ ಸಾಲದು. ಲೂಕಾ ಹಾಕಿದ ದಾರಿಯನ್ನು ಮುಂದೆ ಲೆಹ್ಮರ್ ಸರಳಗೊಳಿಸಿದ. 4ರಿಂದ ಹೊರಡಬೇಕು. ವರ್ಗ ಮಾಡಿ, ಎರಡು ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಎರಡುಗಳು ಎಷ್ಟಿವೆಯೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಅದು ಅವಿಭಾಜ್ಯ. 31ಕ್ಕೆ 4, 14, 8, 0. 2047ಕ್ಕೆ ಕೊನೆಯಲ್ಲಿ ಉಳಿಯುವುದು 1736. ಅವಿಭಾಜ್ಯವಲ್ಲ ಎಂದು ಗೊತ್ತಾಯಿತು. ಆದರೆ 23, 89ರ ಸುಳಿವನ್ನು 1736 ಕೊಡುವುದಿಲ್ಲ.

ದೊಡ್ಡ ಸಂಖ್ಯೆಗಳಲ್ಲಿ ತಪ್ಪು ಲೆಕ್ಕ ಆಕಸ್ಮಿಕವಾಗಿ ಸೊನ್ನೆಗೆ ಬಂದು ನಿಲ್ಲುವುದು ಬಲು ಅಪರೂಪ. ಹಾಗಾಗಿ ಸೊನ್ನೆ ಬಂದರೆ ಧೈರ್ಯ. ಬರದಿದ್ದರೆ? ಸಂಖ್ಯೆಯೇ ಹಾಗಿರಬಹುದು, ನಡುವೆ ಎಲ್ಲೋ ನಾವೇ ಒಂದಂಕಿ ತಪ್ಪಿರಬಹುದು.

ಇಂಥದೇ ಇನ್ನೊಂದು ಬಗೆಯ ಸಂಖ್ಯೆಗಳ ಬಗ್ಗೆ ನನ್ನದೊಂದು ಊಹೆಯಿತ್ತು. ಪ್ರಬಂಧದ ಎರಡನೇ ಅಧ್ಯಾಯ ನಿಂತಿದ್ದೇ ಅದರ ಮೇಲೆ. ಅದರ ಪ್ರಕಾರ ಅವಿಭಾಜ್ಯವಾಗಲೇಬೇಕಿದ್ದ ಒಂದು ಸಂಖ್ಯೆಗೆ ಸೊನ್ನೆ ಬರಲಿಲ್ಲ. ಪ್ರೋಗ್ರಾಮನ್ನು ಮೂರು ಸಲ ಹೊಸದಾಗಿ ಬರೆದೆ. ಊಹೆ ತಪ್ಪೋ ನಾನು ತಪ್ಪೋ ಎಂದು ತಿಳಿಯದೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆಗ ಕೋಲ್ ನೆನಪಾಗುತ್ತಿದ್ದ. 67 ಎರಡುಗಳ ಸಂಖ್ಯೆ ಅವಿಭಾಜ್ಯವೆಂದು ಮರ್ಸೆನ್ 1644ರಲ್ಲಿ ಹೇಳಿದ್ದ. ಅಲ್ಲವೆಂದು ಲೂಕಾ ತೋರಿಸಿದ, ಆದರೆ ಅಪವರ್ತನಗಳು ಸಿಕ್ಕಿರಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಫ್ರಾಂಕ್ ಕೋಲ್ ಮಾತಿಲ್ಲದೆ ಹಲಗೆಯ ಮೇಲೆ 193707721ನ್ನು 761838257287ರಿಂದ ಗುಣಿಸಿ ತೋರಿಸಿದನಂತೆ. ಅದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವಂತೆ. ಆದರೆ ಗುಣಾಕಾರ ಬಲ್ಲ ಯಾರೂ ಅದನ್ನು ಪರೀಕ್ಷಿಸಬಹುದಿತ್ತು.

ಹೋದ ವಾರ ನನ್ನ ಸಂಖ್ಯೆಗೂ ಒಂದು ಭಾಜಕ ಸಿಕ್ಕಿತು. ಕಾಗದದ ಮೇಲೆ ಗುಣಿಸಿದೆ. ಸರಿಹೋಯಿತು. ಗೈಡ್ ಮೇಡಂ ಪೆನ್ಸಿಲ್ ಹಿಡಿದು ತಾವೂ ಒಮ್ಮೆ ಗುಣಿಸಿ, “ಊಹೆ ಹೋಯ್ತು. ಇದನ್ನೇ ಬರೀರಿ” ಅಂದರು.

ಎರಡನೇ ಅಧ್ಯಾಯ ಬಿದ್ದುಹೋಯಿತು. ಆ ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಮಾಡಿದೆ.

ಭಾನುವಾರ ಅಮ್ಮ ಕೇಳಿದಳು. “ಬಂತಮ್ಮ. ನಾನಂದುಕೊಂಡ ಹಾಗೆ ಬರಲಿಲ್ಲ” ಅಂದೆ.

“ಸರಿಯಾಗಿದೆ ತಾನೆ?”

“ಸರಿಯಾಗಿದೆ.”