ಮಗುವಿನ ಹೆಸರೂ ನೋಂದಣಿ ಪುಸ್ತಕವೂ

ಸಂತಾನವು ಅಲ್ಲಾಹನ ಅನುಗ್ರಹವೂ ಹೌದು, ಆತನು ನಮಗೊಪ್ಪಿಸಿದ ಅಮಾನತ್ತೂ ಹೌದು. ಒಳ್ಳೆಯ ಹೆಸರನ್ನು ಪಡೆಯುವುದು ಮಗುವಿನ ಹಕ್ಕೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಿರಿಯರನ್ನು ಕೇಳುತ್ತೇವೆ, ಮಸೀದಿಯ ಇಮಾಮರಲ್ಲಿ ಅರ್ಥ ವಿಚಾರಿಸುತ್ತೇವೆ, ಏಳನೆಯ ದಿನ ಅಕೀಕಾ ನೆರವೇರಿಸಿ ಬಂಧುಬಳಗಕ್ಕೆ ಹೆಸರನ್ನು ತಿಳಿಸುತ್ತೇವೆ. ಆದರೆ ಅದೇ ಹೆಸರು ಜನನ ನೋಂದಣಿ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರವಿರುವುದಿಲ್ಲ. ಅರಕಲಗೂಡಿನ ಪಟ್ಟಣ ಪಂಚಾಯಿತಿ, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣದ ಪುರಸಭೆ, ಹಾಸನದ ನಗರಸಭೆ, ಹೀಗೆ ವರ್ಗವಾದಲ್ಲೆಲ್ಲ ಜನನ-ಮರಣ ಶಾಖೆಯ ಮೇಜಿನ ಹಿಂದೆ ಕುಳಿತ ನಮಗೆ ಈ ಸಂಗತಿ ಬಹಳ ಹತ್ತಿರದಿಂದ ಪರಿಚಿತ.

ಪುರಸಭೆ ಎಂದೊಡನೆ ಜನರಿಗೆ ನೆನಪಾಗುವುದು ಕಸ, ನಲ್ಲಿ ನೀರು, ಬೀದಿದೀಪ, ಮನೆ ಕಂದಾಯ. ಮಕ್ಕಳ ಮತ್ತು ಕುಟುಂಬಗಳ ಹಿತಕ್ಕೂ ಈ ಕಚೇರಿಗೂ ಸಂಬಂಧವಿದೆಯೆಂದು ಭಾವಿಸುವವರು ಕಡಿಮೆ. ಆದರೆ ಅಂಗನವಾಡಿಗಿಂತ, ಶಾಲೆಗಿಂತ, ಪಡಿತರ ಚೀಟಿಗಿಂತ ಮೊದಲು ಮಗುವು ಸರಕಾರದ ಕಣ್ಣಿಗೆ ಬೀಳುವುದು ಜನನ ನೋಂದಣಿಯ ಪುಸ್ತಕದಲ್ಲಿ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ 21 ದಿನಗಳೊಳಗೆ ಮಾಹಿತಿ ನೀಡಿದರೆ ಶುಲ್ಕವೇ ಇಲ್ಲ. ಪ್ರಮಾಣಪತ್ರದ ಮೊದಲ ಪ್ರತಿಯೂ ಉಚಿತ. 30 ದಿನಗಳವರೆಗೆ ಸ್ವಲ್ಪ ದಂಡ. ಅನಂತರ ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ. ವರ್ಷ ದಾಟಿತೆಂದರೆ ದಂಡಾಧಿಕಾರಿಯ ಆದೇಶವೇ ಬೇಕು. ಉಚಿತವಾಗಿ ದೊರೆಯುತ್ತಿದ್ದ ಕಾಗದಕ್ಕಾಗಿ ಕೂಲಿ ಬಿಟ್ಟು ಅಲೆಯುವ ತಂದೆಯರನ್ನು ನಾವು ಲೆಕ್ಕವಿಲ್ಲದಷ್ಟು ಕಂಡಿದ್ದೇವೆ.

ಹೆಸರನ್ನು ಪುಸ್ತಕದಲ್ಲಿ ಬರೆಸುವುದು ಸರಕಾರದವರ ಗೊಡವೆ, ದೀನಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಾವು ಹಝ್ರತ್ ಉಮರ್(ರ)ರ ಕಾಲದ ಒಂದು ಪ್ರಸಂಗವನ್ನು ನೆನಪಿಸುತ್ತೇವೆ. ಪ್ರಜೆಗಳ ಹೆಸರುಗಳನ್ನು ಬರೆದಿಟ್ಟು ಅದರಂತೆ ವೃತ್ತಿವೇತನ ಹಂಚುವ ದೀವಾನ್ ಎಂಬ ದಫ್ತರನ್ನು ಸ್ಥಾಪಿಸಿದವರು ಅವರೇ. ಮದೀನಾಕ್ಕೆ ಬಂದಿಳಿದ ವರ್ತಕರ ತಂಡವನ್ನು ರಾತ್ರಿ ಕಾಯುತ್ತಿದ್ದಾಗ ಒಂದು ಕೂಸಿನ ಅಳು ಅವರಿಗೆ ಮತ್ತೆ ಮತ್ತೆ ಕೇಳಿಸಿತು. ಕಾರಣ ಕೇಳಲಾಗಿ, ತನ್ನೆದುರು ನಿಂತಿರುವವರು ಯಾರೆಂದು ಅರಿಯದ ತಾಯಿ, ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗಷ್ಟೇ ಉಮರ್ ವೇತನ ಕೊಡುತ್ತಾರೆ ಎಂದಳು. ಮರುದಿನದ ಫಜ್ರ್ ನಮಾಝ್‌ನಲ್ಲಿ ಖಲೀಫರ ಪಾರಾಯಣವು ಅಳುವಿನಿಂದಾಗಿ ಹಿಂದಿದ್ದವರಿಗೆ ಸ್ಪಷ್ಟವಾಗಲಿಲ್ಲವೆಂದು ಇತಿಹಾಸ ಗ್ರಂಥಗಳು ತಿಳಿಸುತ್ತವೆ. ಆ ಬಳಿಕ, ಹುಟ್ಟಿದ ಕ್ಷಣದಿಂದಲೇ ಪ್ರತಿ ಮಗುವಿಗೂ ವೇತನವೆಂದು ಆಜ್ಞೆಯಾಯಿತು. ಹುಟ್ಟಿದ ಕ್ಷಣದಿಂದ ವೇತನವೆಂದರೆ ಹುಟ್ಟಿದ ಕೂಡಲೇ ಹೆಸರು ದಫ್ತರಿನಲ್ಲಿರಬೇಕು ಎಂದೇ ಅರ್ಥ.

ನಮ್ಮಲ್ಲಿ ತೊಡಕು ಆರಂಭವಾಗುವುದು ಒಂದು ಖಾಲಿ ಅಂಕಣದಿಂದ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ನೀಡುವ ಹೊಣೆ ಆಸ್ಪತ್ರೆಯದೇ. ಆದರೆ ತಾಯಿ ಎರಡು ಮೂರು ದಿನಗಳಲ್ಲಿ ಮನೆಗೆ ಹೋಗಿಬಿಡುತ್ತಾಳೆ. ನಾವು ಹೆಸರಿಡುವುದು ಏಳನೆಯ ದಿನ. ಆದ್ದರಿಂದ ಜನನ ದಾಖಲಾಗುತ್ತದೆ, ಹೆಸರಿನ ಜಾಗ ಖಾಲಿ ಉಳಿಯುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಕಾಯಿದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. 12 ತಿಂಗಳೊಳಗೆ ಬಂದು ಹೆಸರು ಸೇರಿಸಿದರೆ ಶುಲ್ಕವಿಲ್ಲ, ಬಳಿಕ ಶುಲ್ಕ ಕಟ್ಟಿ 15 ವರ್ಷಗಳವರೆಗೂ ಸೇರಿಸಬಹುದು. ಆದರೆ ಅಕೀಕಾದ ಮಾಂಸ ಹಂಚಿದ ಮೇಲೆ ಹೆಸರಿನ ಕೆಲಸ ಮುಗಿಯಿತೆಂದು ಎಲ್ಲರೂ ನಂಬಿಬಿಡುತ್ತಾರೆ. ಪ್ರಮಾಣಪತ್ರ ತೆಗೆದು ನೋಡುವುದು ಎಸ್ಸೆಸ್ಸೆಲ್ಸಿಯ ಹೊತ್ತಿಗೆ. ಅಷ್ಟರಲ್ಲಿ ಆ 15 ವರ್ಷಗಳೂ ಮುಗಿಯುತ್ತ ಬಂದಿರುತ್ತವೆ. ಈಗಂತೂ ಈ ಕಾಗದದ ತೂಕ ಹೆಚ್ಚಿದೆ. ಕಾಯಿದೆಯ ತಿದ್ದುಪಡಿ ಜಾರಿಗೆ ಬಂದ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಾಹನ ಚಾಲನಾ ಪರವಾನಗಿ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟ್ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ.

ಇನ್ನೊಂದು ಗೊಂದಲ ಊರಿನದು. ಜನನವು ದಾಖಲಾಗುವುದು ಹುಟ್ಟಿದ ಸ್ಥಳದಲ್ಲಿ. ತಂದೆಯ ಊರಿನಲ್ಲಲ್ಲ, ತಾಯಿಯ ತವರಿನಲ್ಲೂ ಅಲ್ಲ. ಒಮ್ಮೆ ಮೊಮ್ಮಗನ ಪ್ರಮಾಣಪತ್ರಕ್ಕಾಗಿ ವೃದ್ಧೆಯೊಬ್ಬರು ಹೊಳೆನರಸೀಪುರದ ನಮ್ಮ ಮೇಜಿನೆದುರು ಬಂದು ನಿಂತರು. ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದಿದ್ದರು. ಅರಕಲಗೂಡಿನಲ್ಲಿ ಹುಡುಕಿಸಿದರೆ ಹೆಸರಿಲ್ಲ, ಹೊಳೆನರಸೀಪುರದ ಪುಸ್ತಕದಲ್ಲೂ ಇಲ್ಲ. "ನನ್ನ ಮೊಮ್ಮಗ ಹುಟ್ಟೇ ಇಲ್ಲವೇನು ಬೇಟಾ?" ಎಂದು ಅವರು ಕೇಳಿದರು. "ನಾನೀ, ನೋವು ಬಂದ ರಾತ್ರಿ ಮಗಳನ್ನು ಎಲ್ಲಿಗೆ ಕರೆದೊಯ್ದಿರಿ?" ಎಂದು ವಿಚಾರಿಸಿದಾಗಲೇ ತಿಳಿದದ್ದು, ಹೆರಿಗೆ ಕಷ್ಟವಾಗಿ ಹಾಸನದ ದೊಡ್ಡಾಸ್ಪತ್ರೆಗೆ ಕಳುಹಿಸಿದ್ದರೆಂದು. ದಾಖಲೆ ಹಾಸನದಲ್ಲಿ ಕ್ಷೇಮವಾಗಿತ್ತು. ಎರಡು ತಿಂಗಳು ಎರಡೂರು ಸುತ್ತಿದ ಆ ತಾಯಿಗೆ ಈ ಒಂದು ಪ್ರಶ್ನೆಯನ್ನು ಮೊದಲೇ ಯಾರೂ ಕೇಳಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಚೀಟಿಯನ್ನು ಕುರ್‌ಆನ್ ಇಡುವಷ್ಟೇ ಜೋಪಾನವಾದ ಕಪಾಟಿನಲ್ಲಿಡಿ ಎಂದು ನಾವು ಗರ್ಭಿಣಿಯರ ಮನೆಯವರಿಗೆ ಹೇಳುವುದುಂಟು.

ಕಾಗುಣಿತದ ಕಷ್ಟವನ್ನು ಹೇಳತೊಡಗಿದರೆ ಮುಗಿಯದು. ಮುಹಮ್ಮದ್ ಎಂಬ ಒಂದೇ ಹೆಸರು ಮೊಹಮ್ಮದ್, ಮಹಮದ್, ಎಂ.ಡಿ. ಎಂದು ಒಂದೇ ಮನೆಯ ಮೂವರು ಸಹೋದರರಲ್ಲಿ ಮೂರು ಬಗೆಯಾಗಿರುತ್ತದೆ. ಅದಕ್ಕಿಂತ ನಮಗೆ ಬೇಸರ ತರಿಸುವುದು ತಾಯಿಯ ಹೆಸರು. ಹೆಂಡತಿಯ ಪೂರ್ಣ ಹೆಸರೇನೆಂದು ಕೇಳಿದರೆ ಹೊರಗೆ ನಿಂತ ಭಾವಮೈದುನನಿಗೆ ಫೋನು ಮಾಡುವ ಗಂಡಂದಿರಿದ್ದಾರೆ! ಆಸ್ಪತ್ರೆಯಲ್ಲಿ ಮನೆಯ ಮುದ್ದಿನ ಹೆಸರು, ಆಧಾರ್‌ನಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಬಾನು ಹೋಗಿ ಬೇಗಂ. ಪವಿತ್ರ ಕುರ್‌ಆನಿನ ಆಲು ಇಮ್ರಾನ್ ಅಧ್ಯಾಯದಲ್ಲಿ ತನ್ನ ಹೆಣ್ಣುಕೂಸಿಗೆ ಮರ್ಯಮ್ ಎಂದು ಹೆಸರಿಟ್ಟವಳು ತಾಯಿಯೇ ಎಂಬುದನ್ನು ನಾವು ಓದುತ್ತೇವೆ. ನಮ್ಮ ಅರ್ಜಿಗಳಲ್ಲಿ ತಾಯಿಯ ಸ್ವಂತ ಹೆಸರೇ ಸರಿಯಿರುವುದಿಲ್ಲ. ಬರಹದ ತಪ್ಪನ್ನು ನೋಂದಣಾಧಿಕಾರಿ ತಿದ್ದಬಲ್ಲರು. ಆದರೆ ಮೂಲ ನಮೂದನ್ನು ಅಳಿಸುವಂತಿಲ್ಲ, ಅಂಚಿನಲ್ಲಿ ಬರೆದು ಸಹಿ ಮಾಡಿ ದಿನಾಂಕ ಹಾಕಬೇಕು. ಅದಕ್ಕೆ ಸಾಕ್ಷ್ಯ ಬೇಕು, ಸಮಯ ಬೇಕು.

ಮಕ್ಕಳ ವಿಷಯದಲ್ಲಿ ಮರಣದ ಪುಸ್ತಕವನ್ನೂ ಮರೆಯುವಂತಿಲ್ಲ. ಮನೆಯಲ್ಲಿ ಸಾವು ಸಂಭವಿಸಿದರೆ ನಮ್ಮವರು ದಫನಕ್ಕೆ ತಡಮಾಡುವುದಿಲ್ಲ, ಅದು ಸುನ್ನತ್. ಆದರೆ ನೋಂದಣಿಗೆ ಯಾರೂ ಹೊರಡುವುದಿಲ್ಲ. ಮರಣಕ್ಕೂ 21 ದಿನಗಳದ್ದೇ ಗಡುವು. ವಿಧವೆಯಾದವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿರುತ್ತಾಳೆ. ಆ 21 ದಿನಗಳು ಆಕೆ ಹೊಸ್ತಿಲು ದಾಟದ ದಿನಗಳಲ್ಲೇ ಕಳೆದುಹೋಗುತ್ತವೆ. ಆಕೆಯೇ ಬರಬೇಕೆಂದು ಕಾಯಿದೆ ಹೇಳುವುದಿಲ್ಲ. ಮನೆಯ ಹಿರಿಯನಾಗಲಿ ಹತ್ತಿರದ ಬಂಧುವಾಗಲಿ ತಿಳಿಸಿದರೆ ಸಾಕು. ದಫನ ಭೂಮಿಯ ಉಸ್ತುವಾರಿ ಹೊತ್ತವರೂ ಮರಣದ ಸುದ್ದಿಯನ್ನು ನೋಂದಣಾಧಿಕಾರಿಗೆ ತಿಳಿಸಬೇಕೆಂದು ಅದೇ ಕಾಯಿದೆ ವಿಧಿಸಿದೆ ಎಂಬುದನ್ನು ನಮ್ಮ ಜಮಾಅತ್‌ಗಳ ಹೊಣೆಗಾರರು ಗಮನಿಸಬೇಕು. ಮರಣ ಪ್ರಮಾಣಪತ್ರವಿಲ್ಲದೆ ವಿಧವಾ ವೇತನವಿಲ್ಲ, ಬ್ಯಾಂಕಿನ ಹಣವಿಲ್ಲ, ಅನಾಥ ಮಕ್ಕಳ ಪಾಲಿನ ಖಾತೆ ಬದಲಾವಣೆಯೂ ಇಲ್ಲ. ಯತೀಮರ ಸೊತ್ತಿನ ಬಗ್ಗೆ ಅನ್ನಿಸಾ ಅಧ್ಯಾಯದ ಕಟ್ಟುನಿಟ್ಟಿನ ಆಜ್ಞೆಗಳನ್ನು ಓದುವವರು ಈ ಕಾಗದವನ್ನು ಹಗುರವಾಗಿ ಕಾಣಲಾರರು.

ಚನ್ನರಾಯಪಟ್ಟಣದಲ್ಲಿದ್ದಾಗ ಒಬ್ಬ ಗುಜರಿ ವ್ಯಾಪಾರಿ ಮೂರು ವರ್ಷದ ಹುಡುಗನನ್ನು ಕರೆದುಕೊಂಡು ಬಂದರು. ಅಣ್ಣ ಅಪಘಾತದಲ್ಲಿ ತೀರಿಕೊಂಡಿದ್ದರು. ಮಗುವನ್ನು ತಮ್ಮನೇ ಸಾಕುತ್ತಿದ್ದರು. ಶಾಲೆಯಲ್ಲಿ ತಂದೆಯಿಲ್ಲದವನೆಂದು ಯಾರೂ ಅನ್ನಬಾರದು, ತಂದೆಯ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದುಕೊಡಿ ಎಂದು ಅವರು ಕೈಮುಗಿದು ಕೇಳಿದರು. ಆ ಪ್ರೀತಿಯಲ್ಲಿ ಕಪಟವಿರಲಿಲ್ಲ. ಕಾನೂನಿನಲ್ಲಿ ಅದಕ್ಕೆ ದಾರಿಯಿಲ್ಲವೆಂದು ಹೇಳಿ ಕಳುಹಿಸಬಹುದಿತ್ತು. ನಾವು ಅವರನ್ನು ಕೂರಿಸಿ ಹಝ್ರತ್ ಝೈದ್(ರ)ರ ವಿಷಯ ಹೇಳಿದೆವು. ಪ್ರವಾದಿಯವರ(ಸ) ಮನೆಯಲ್ಲಿ ಬೆಳೆದ ಅವರನ್ನು ಜನರು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದರು. ದತ್ತುಮಕ್ಕಳನ್ನು ಅವರ ತಂದೆಯರ ಹೆಸರಿನಿಂದಲೇ ಕರೆಯಬೇಕೆಂದು ಅಲ್‌ಅಹ್ಝಾಬ್ ಅಧ್ಯಾಯದಲ್ಲಿ ಆದೇಶ ಬಂದ ಮೇಲೆ ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಪ್ರವಾದಿಯವರ(ಸ) ಪ್ರೀತಿ ಅದರಿಂದ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ವ್ಯಾಪಾರಿ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಅಣ್ಣನ ಹೆಸರು ಸರಿಯಾಗಿ ಬರೆದಿದೆಯಾ ನೋಡಿ ಭಾಯ್" ಎಂದರು. ನೋಡಿದೆವು, ಒಂದಕ್ಷರ ತಪ್ಪಿತ್ತು. ಅಣ್ಣನ ಅಂಕಪಟ್ಟಿಯ ಪ್ರತಿಯನ್ನು ಅವರು ಮರುದಿನವೇ ತಂದುಕೊಟ್ಟರು, ಅಂಚಿನಲ್ಲಿ ತಿದ್ದುಪಡಿಯಾಯಿತು. ಆ ವರ್ಷ ಶಾಲೆಯ ಅರ್ಜಿಯಲ್ಲಿ ತಂದೆಯೆಂದು ತೀರಿಹೋದ ಅಣ್ಣನ ಹೆಸರಿತ್ತು. ಪೋಷಕರೆಂಬಲ್ಲಿ ಚಾಚಾ ಸಹಿ ಹಾಕಿದ್ದರು.